ಒಬ್ಬರ ಮದ್ದು

ಹಾಲೆ ಊರಿನಲ್ಲಿ ಹಿಂದೆ ಉಪ್ಪು ಕುದಿಸುತ್ತಿದ್ದರು.
ಓರ್ಟ್ವಿನನ ಮುತ್ತಜ್ಜ ಬಾಣಲೆಯ ಮುಂದೆ ನಿಂತು
ಬಾವಿಯ ಉಪ್ಪುನೀರು ಹರಳುಗಟ್ಟುವುದನ್ನು
ಕಣ್ಣುರಿಯುವ ತನಕ ಕಾದವನಂತೆ.
ಈಗ ಅದೇ ಜಾಲೆ ನದಿಯ ದಂಡೆಗೆ
ನಾವು ಐದು ಮಂದಿ, ರಾತ್ರಿ ಪಾಳಿ,
ಕಣ್ಣಷ್ಟೇ ಕಾಣುವ ಬಿಳಿಯ ಉಡುಪು.
ಕಾಯುವ ಕಸುಬು ಮಾತ್ರ ಬದಲಾಗಿಲ್ಲ.

ನನ್ನ ಹೆಸರು ವೀಬ್ಕೆ. ಒಳಗೆ ಹೋದರೆ ಅದೂ ಇಲ್ಲ.
ಬರುವವರಿಗೂ ಹೆಸರಿಲ್ಲ, ನಾಲ್ಕು ಅಂಕಿ.
ಎಲ್ಲೋ ಯಾರದೋ ಬೆನ್ನಿನ ಮಚ್ಚೆ ಕೆಟ್ಟಿತು,
ಕೊಯ್ದರು; ಬೇರು ಆಗಲೇ ಶ್ವಾಸಕೋಶಕ್ಕೆ ಇಳಿದಿತ್ತು.
ಕೊಯ್ದ ಚೂರನ್ನೂ ಕೆಡದ ನೆತ್ತರನ್ನೂ
ಅಕ್ಕಪಕ್ಕ ಇಟ್ಟು ಓದುತ್ತಾರೆ ಮೇಲಿನ ಮಹಡಿಯವರು,
ಮೂಲಪ್ರತಿ ಹಿಡಿದು ಕರಡು ತಿದ್ದುವವರ ಹಾಗೆ.
ಲಕ್ಷ ಸಾಲಿನ ನಡುವೆ
ಒಂದು ದೀರ್ಘ ಹ್ರಸ್ವವಾಗಿದೆ,
ಒಂದು ಕೊಂಬು ಕಳೆದಿದೆ, ಒಂದು ಒತ್ತು ಜಾರಿದೆ.
ಅಂಥ ಮೂವತ್ತನ್ನು ಆರಿಸಿ ಕೆಳಗೆ ಕಳಿಸುತ್ತಾರೆ.
ನಮ್ಮ ಕೆಲಸ
ತಪ್ಪನ್ನು ತಪ್ಪಿಲ್ಲದೆ ಬರೆಯುವುದು.

ಬೆಚ್ಚನೆಯ ನೀರು, ಒಂದಿಷ್ಟು ಉಪ್ಪು, ನಾಲ್ಕೇ ಅಕ್ಷರ,
ದಣಿಯದೆ ನಕಲು ಮಾಡುವ ಕಿಣ್ವ,
ಆಮೇಲೆ ಕೂದಲೆಳೆಯ ಸಾವಿರದ ಒಂದು ಪಾಲಿನಷ್ಟು
ಕೊಬ್ಬಿನ ಕಂಬಳಿ.
ಬರಿಗೈ ಸೋಕಿದರೆ ಮುಗಿಯಿತು,
ನಮ್ಮ ಬೆವರೇ ಅದನ್ನು ತಿಂದುಹಾಕುತ್ತದೆ.

ಅಕ್ಷರವೆಂದರೆ ಅಳಿಯದ್ದು ಎಂದವರು ಯಾರೋ.
ಈ ಅಕ್ಷರಕ್ಕೆ ಮೈಯೊಳಗೆ ಎರಡೋ ಮೂರೋ ದಿನದ ಆಯುಸ್ಸು.
ಓಲೆ ಮುಟ್ಟಿಸಿ, ಓದಿಸಿ,
ಓಲೆಕಾರ ಅಲ್ಲೇ ಕರಗುತ್ತಾನೆ.
ಉಳಿಯಬೇಕಾದ್ದು ಕಾವಲಿನ ಕಣಗಳಲ್ಲೊಂದು ಗುರುತು:
ನೆರೆಮನೆಯವನ ಅಂಗಿ ತೊಟ್ಟು
ಇಷ್ಟು ದಿನ ಎದುರಿಗೇ ಓಡಾಡಿದ ಕಳ್ಳ
ಯಾವ ಗುಂಡಿ ತಪ್ಪಿ ಹಾಕಿಕೊಂಡಿದ್ದಾನೆ, ಅಷ್ಟೆ.
ಉಳಿಯುತ್ತದೆಯೇ ಎಂದು ಕೇಳಿದರೆ
ಓರ್ಟ್ವಿನ್ ಭುಜ ಹಾರಿಸುತ್ತಾನೆ:
“ಕೆಲವರಲ್ಲಿ. ಇನ್ನೂ ಎಣಿಸುತ್ತಿದ್ದೇವೆ.”

ಫೆಬ್ರವರಿಯ ಒಂದು ಬೆಳಗಿನ ಜಾವ.
ಮೂರು, ಸೊನ್ನೆ, ನಾಲ್ಕು, ಒಂದು.
ಆರು ವಾರದ ಕೆಲಸ, ಒಂಬತ್ತು ಸೀಸೆ,
ಎಲ್ಲ ಪರೀಕ್ಷೆಯಲ್ಲೂ ಪಾಸು.
ಒಣಮಂಜು ಹೊಗೆಯಾಡುತ್ತಿತ್ತು.
ಕೊರಿಯರಿನ ಯದ್ವಿಗಾ ಎಂಜಿನ್ ಆರಿಸದೆ ನಿಂತಿದ್ದಳು.
ಆಗ ಫೋನು.
ಓರ್ಟ್ವಿನ್ “ಹೂಂ” ಅಂದ. ಮತ್ತೆ “ಹೂಂ” ಅಂದ.
ಗಾಜಿನಾಚೆಯಿಂದ ನನ್ನ ಕಡೆ ನೋಡಿ
ಇಲ್ಲದ ಬಾಗಿಲೊಂದನ್ನು ಗಾಳಿಯಲ್ಲಿ ಮೆಲ್ಲನೆ ಮುಚ್ಚಿದ.

ಕೆಮ್ಮಿನ ಔಷಧಿ ಉಳಿದರೆ ತಂಗಿ ಕುಡಿದಾಳು.
ಸತ್ತವರ ಕೋಟು ಯಾರ ಮೈಗಾದರೂ ಹೊಂದೀತು.
ಇದು ಭೂಮಿಯ ಮೇಲೆ
ಒಂದೇ ಮೈಗೆ ಅರ್ಥವಾಗುವ ಮಾತು.
ಕೇಳುವ ಮೈ ಎದ್ದು ಹೋದ ಮೇಲೆ
ಒಂಬತ್ತು ಸೀಸೆ ಉಪ್ಪುನೀರು, ಚೂರು ಕೊಬ್ಬು.

“ಗಂಡಸೋ ಹೆಂಗಸೋ?” ಯದ್ವಿಗಾ ಕೇಳಿದಳು.
ಗೊತ್ತಿಲ್ಲ.
“ವಯಸ್ಸು?”
ಗೊತ್ತಿಲ್ಲ.
ಆ ಜೀವ ತನ್ನನ್ನೇ ನಕಲು ಮಾಡಿಕೊಳ್ಳುತ್ತ
ಎಲ್ಲೆಲ್ಲಿ ಕೈತಪ್ಪಿತು, ಆ ಮೂವತ್ತು ಜಾಗ
ನನಗೆ ಗೊತ್ತು. ಹೆತ್ತವಳಿಗೆ ಗೊತ್ತಿರಲಿಲ್ಲ.
ಮುಖ ಮಾತ್ರ ಗೊತ್ತಿಲ್ಲ.
ಅವಳು ಎಂಜಿನ್ ಆರಿಸಿದಳು.

ನಾಶದ ಫಾರಮ್ಮಿಗೆ ಇಬ್ಬರ ಸಹಿ ಬೇಕು.
ಕಾರಣ ಎಂಬಲ್ಲಿ ಖಾನೆ ಚಿಕ್ಕದು.
“ಅಗತ್ಯವಿಲ್ಲ” ಎಂದು ಬರೆದೆ. ಹೊಡೆದುಹಾಕಿದೆ.
“ತಡವಾಯಿತು” ಎಂದು ಬರೆದೆ.
ಓರ್ಟ್ವಿನ್ ಎರಡನ್ನೂ ಓದಿದ, ಏನೂ ಅನ್ನದೆ ಸಹಿ ಹಾಕಿದ.

ಬೆಳಗಿನ ಕ್ಯಾಂಟೀನು. ಬೇಯಿಸಿದ ಮೊಟ್ಟೆ, ರೈ ಬ್ರೆಡ್ಡು.
ಉಪ್ಪಿನ ಡಬ್ಬಿಗೆ ಇಬ್ಬರೂ ಒಟ್ಟಿಗೆ ಕೈ ಚಾಚಿ
ಇಬ್ಬರೂ ಹಿಂದಕ್ಕೆ ಎಳೆದುಕೊಂಡೆವು.
ಅವನು ಕಾಗದದ ಕರವಸ್ತ್ರ ಬಿಡಿಸಿ
ಆರು ವಾರಕ್ಕೆ ಆರು ಮನೆ ಗೀಚಿದ,
ಪೆನ್ಸಿಲಿನ ತುದಿ ನಾಲ್ಕರ ಮೇಲೆ ನಿಲ್ಲಿಸಿದ.
“ಇಲ್ಲಿ ನೋಡು,” ಅಂದ,
“ಇಲ್ಲಿ ಎರಡು ದಿನ
ನಾವು ಸುಮ್ಮನೆ ಕಾಯುತ್ತೇವೆ.”