ಎರಡನೆಯ ಕೀಲಿ

ಪೆರ್ನಿಕ್ ಊರಿನ ಹನ್ನೊಂದನೆಯ ಬ್ಲಾಕು.
ಎಂಟು ಮಹಡಿ, ಅರವತ್ನಾಲ್ಕು ಕದ,
ಎಲ್ಲಕ್ಕೂ ಒಂದೇ ಕಾರ್ಖಾನೆಯ ಬೀಗ.
ಕೀಲಿಗಿದ್ದದ್ದು ಮೂರೇ ಜಾತಿ ಹಲ್ಲು,
ಬೀಗದವನು ನಾನು, ನನಗೆ ಗೊತ್ತು.
ಮಿಕ್ಕವರಿಗೂ ಗೊತ್ತಿತ್ತು, ಹೇಳುತ್ತಿರಲಿಲ್ಲ ಅಷ್ಟೆ.

ಗಣಿಯ ದೀಪದ ಕೋಣೆಯಿಂದ ಝ್ಲಾಟ್ಕಾ ಬರುವುದು ತಡವಾದರೆ
ಎದುರುಮನೆಯಾಕೆ ತನ್ನ ಕೀಲಿಯಲ್ಲೇ ಒಳಹೊಕ್ಕು
ಮಗುವಿಗೆ ಸೂಪು ಕುಡಿಸಿ ಮಲಗಿಸಿರುತ್ತಿದ್ದಳು.
ಸೆಪ್ಟೆಂಬರಿನಲ್ಲಿ ಬಾಲ್ಕನಿಗೊಂದು ಒಲೆ,
ಸುಟ್ಟ ಕೆಂಪು ಮೆಣಸಿನ ಹೊಗೆ ಯಾರ ಮನೆಯದೆಂದು
ಯಾರೂ ಕೇಳುತ್ತಿರಲಿಲ್ಲ.
ಇದನ್ನು ನೆನೆದು ಈಗ ಕಣ್ಣೊರೆಸಿಕೊಳ್ಳುವವರಿದ್ದಾರೆ.
ಒರೆಸಿಕೊಳ್ಳಲಿ. ನಾನು ಪೂರ್ತಿ ಹೇಳುತ್ತೇನೆ.

ಒಂದು ಮಂಗಳವಾರ ಇಬ್ಬರು ಬಂದರು.
ಕೋಟು ಬಿಚ್ಚಲಿಲ್ಲ, ಹೆಸರು ಹೇಳಲಿಲ್ಲ.
ನಲವತ್ತೇಳನೆಯದಕ್ಕೊಂದು ಕೀಲಿ, ಎಂದರು.
ಅಲ್ಲಿದ್ದವರು ಅಸ್ಪಾರುಖ್, ಭೂಗೋಳದ ಮೇಷ್ಟ್ರು.
ಕೊರೆದೆ. ಅರ ಹಿಡಿದು ತಿಕ್ಕಿದೆ.
ಸದ್ದಾಗದಂತೆ ಎಣ್ಣೆ ಸವರಿ ಕೊಟ್ಟೆ.
ಕೆಲಸದಲ್ಲಿ ನನ್ನದು ಯಾವತ್ತೂ ಅಚ್ಚುಕಟ್ಟು.

ಏನೂ ಕಳವಾಗಲಿಲ್ಲ ಅವರ ಮನೆಯಲ್ಲಿ.
ಕುರ್ಚಿ ಒಂದು ಗೇಣು ಸರಿದಿತ್ತು.
ಅಂದಿನಿಂದ ಮೇಷ್ಟ್ರು ಹೊರಡುವಾಗೆಲ್ಲ ಕದದ ಸಂದಿಗೆ
ತಮ್ಮದೇ ತಲೆಗೂದಲೊಂದು ಅಂಟಿಸುತ್ತಿದ್ದರು.
ಹದಿನೇಳು ವರ್ಷ.
‘ತಲೆ ಬೋಳಾಗುವವರೆಗೆ’ ಎಂದು ಆಮೇಲೆ ತಾವೇ ನಗುತ್ತಿದ್ದರು.

ಆಮೇಲೆ ಎಂದರೆ, ಬಾವುಟ ಬದಲಾದ ಮೇಲೆ.
ಉಕ್ಕಿನ ಕಾರ್ಖಾನೆಯವರು ಜನರನ್ನು ಮನೆಗೆ ಕಳಿಸಿದರು,
ಮನೆಮನೆಗೆ ಉಕ್ಕಿನ ಬಾಗಿಲು ಬಂತು.
ಕದಿಯಲು ಏನೂ ಇಲ್ಲದವರೂ ಹಾಕಿಸಿದರು.
ನನ್ನ ಅಂಗಡಿಯ ಮುಂದೆ ಸಾಲು,
ಹಿಂದೆ ಕಿತ್ತಳೆಗೆ ನಿಲ್ಲುತ್ತಿದ್ದರಲ್ಲ, ಅವರೇ.
ಬೀಗ ಮಾರಿ ನಾನೂ ಒಂದಿಷ್ಟು ಬೀಗಿದೆ:
ಯಾರೋ ಓಡಿಸಿ ಬಿಟ್ಟ ಜರ್ಮನ್ ಕಾರು, ಒಂದು ಹಲ್ಲಿಗೆ ಚಿನ್ನ.

ಎಲ್ಲರಿಗಿಂತ ಮೊದಲು ಬಂದವರು ಮೇಷ್ಟ್ರು.
‘ಐದು ಅಗುಳಿ ಇರಲಿ ಸ್ಟಾಮೆನ್.
ಕೀಲಿ ಒಂದೇ. ನಕಲು ಬೇಡ.’
ನಕಲು ಎನ್ನುವಾಗ ನನ್ನ ಮುಖ ನೋಡಲಿಲ್ಲ.
ನೋಡಿದ್ದರೆ ಹಗುರಾಗುತ್ತಿತ್ತು.
ಉಳಿತಾಯವೆಲ್ಲ ಎಣಿಸಿಟ್ಟರು; ಒಂದು ಲೆವಾ ಬಿಡಲಿಲ್ಲ ನಾನು,
ಮಾರುಕಟ್ಟೆ ಎಂದರೆ ಹಾಗೆ ಎಂದು ಅಷ್ಟರಲ್ಲಿ ಕಲಿತಿದ್ದೆ.
ಆ ರಾತ್ರಿ ಒಳಗಿನಿಂದ ಐದೂ ಜಡಿದು
ಬೂಟು ಕೂಡ ಬಿಚ್ಚದೆ ನಿದ್ದೆ ಹೋದರಂತೆ.
ಅದು ಸ್ವಾತಂತ್ರ್ಯವೇ ಅಲ್ಲ ಎನ್ನುವವರು
ಒಮ್ಮೆ ಆ ಕೂದಲು ಅಂಟಿಸಿ ನೋಡಬೇಕು.

ಮತ್ತೆ, ಬ್ರೆಡ್ಡಿಗೆ ಬೆಳಿಗ್ಗೆ ಒಂದು ಬೆಲೆ
ಸಂಜೆ ಇನ್ನೊಂದು ಇದ್ದ ಆ ಫೆಬ್ರವರಿ.
ಮೂರು ದಿನದಿಂದ ಮೇಷ್ಟ್ರ ರೇಡಿಯೋ ನಿಂತೇ ಇಲ್ಲ.
ಎಲ್ಲರೂ ಕೇಳಿಸಿಕೊಂಡರು, ತಂತಮ್ಮ ಅಗುಳಿಗಳ ಹಿಂದೆ.
ಅವರವರ ಮನೆ, ಅವರವರ ಹಕ್ಕು.
ಕಡೆಗೆ ಝ್ಲಾಟ್ಕಾ ಬಂದು ನನ್ನನ್ನು ಎಳೆದೊಯ್ದಳು.
ನನ್ನದೇ ಬಾಗಿಲು.
ಕೊಯ್ಯಲು ಹಿಡಿಯಿತು ಎರಡೂವರೆ ಗಂಟೆ.
ಕಿಡಿ ಹಾರುತ್ತಿದ್ದಾಗ, ನಾಚಿಕೆಯ ನಡುವೆಯೂ, ಅನ್ನಿಸಿತು:
ಎಂಥ ಗಟ್ಟಿ ಕೆಲಸ ಮಾಡಿದ್ದೀಯೋ ಮಾರಾಯ!

ಅಡುಗೆಮನೆಯ ನೆಲದಲ್ಲಿದ್ದರು. ಉಸಿರಿತ್ತು.
ಬಾಯಿಯ ಒಂದು ಬದಿ ಜಾರಿತ್ತು.
ಇನ್ನೊಂದು ಬದಿಯಿಂದ ಕೇಳಿದರು: ‘ಯಾರ ಅಪ್ಪಣೆ?’

ಆಸ್ಪತ್ರೆಯಿಂದ ಮರಳಿದವರು ಕರೆಸಿದರು.
ಇಂಥದೇ ಬಾಗಿಲು, ಇಷ್ಟೇ ಅಗುಳಿ.
ಕೀಲಿ ಮಾತ್ರ ಎರಡು.
ಎರಡನೆಯದನ್ನು ನಡುಗುವ ಎಡಗೈಯಿಂದ
ಮೇಜಿನ ಮೇಲೆ ನನ್ನತ್ತ ನೂಕಿದರು.
‘ಇದು ನಾನು ಕೊಟ್ಟದ್ದು.
ಅದು ನೀನು ಕೊಟ್ಟದ್ದು.’
ಹಾಗಾದರೆ ಗೊತ್ತಿತ್ತು.
ಚಹಾ ಆರುತ್ತಿತ್ತು. ಎಲ್ಲಿ ನೋಡಲೆಂದು ತಿಳಿಯದೆ ಕುರ್ಚಿ ನೋಡಿದೆ:
ಗೋಡೆಗೆ ಗೇಣು ದೂರ, ಅವರಿಬ್ಬರು ಬಿಟ್ಟುಹೋದಲ್ಲೇ.
ಇಷ್ಟು ವರ್ಷ ಮೇಷ್ಟ್ರು ಅದನ್ನು ಸರಿಸಿರಲೇ ಇಲ್ಲ.

ಅವರು ತೀರಿ ಆರು ಚಳಿಗಾಲ. ಸೋಫಿಯಾದ ಯಾರೋ ಮನೆ ಕೊಂಡು
ಗುಂಡಿ ಒತ್ತುವ ಬೀಗ ಹಾಕಿಸಿದ್ದಾರೆ.
ನನ್ನ ಮೊಳೆಯ ಮೇಲಿನ ಕೀಲಿ ಈಗ ಏನನ್ನೂ ತೆರೆಯದು.
ಕೆಲವು ರಾತ್ರಿ ಎದ್ದು
ಅದಕ್ಕೆ ಎಣ್ಣೆ ಸವರುತ್ತೇನೆ.