ಗಷ್ಟು

ಫಹಾಹೀಲ್, ಮೂರನೇ ಮಹಡಿ, ಬಚ್ಚಲ ಕತ್ತಲಲ್ಲಿ
ಹನ್ನೊಂದು ಬಾಟಲಿ, ಎಲ್ಲ ನೆಟ್ಟಗೆ.
ಯಾರಾದರೂ ಕೇಳಿದರೆ ವಿನೆಗರ್.

ಸಿಪ್ರಿಯನ್ ಈಗ ಮೊದಲಿನ ಆತುರಗಾರನಲ್ಲ.
ಹುದುಗು ತಣಿಯಲೆಂದು ಇನ್ನೊಂದು ವಾರ ಬಿಟ್ಟ,
ನಳಿಗೆಯ ಬಾಯಿ ತಳಕ್ಕೆ ತಾಗದಂತೆ
ಉಸಿರು ಹಿಡಿದು ಇಳಿಸಿದ,
ಫ್ರಿಜ್ಜಿನಲ್ಲಿ ಮೂರು ರಾತ್ರಿ ಅಲುಗಿಸಲಿಲ್ಲ.

ಸುರಿದರೆ, ಅಬ್ಬ! ಲೋಟದಾಚೆ
ಕ್ಯಾಲೆಂಡರಿನ ತಾರೀಖು ಓದಬಹುದು.
ರಜೆಗೆ ಇನ್ನೂ ನೂರನಲವತ್ತು ದಿನ.

ಕೆಳಗಿನ ಮನೆಯ ಸೆವ್ರಿನ್ ಬಾಯಿ
ಖಾಲಿ ಬಾಟಲಿಯನ್ನು ಬೆಳಕಿಗೆ ಹಿಡಿದು ಮೂಗು ಮುರಿದಳು:
"ಇದೇನು, ಉಗುರಷ್ಟೂ ಗಷ್ಟಿಲ್ಲ!
ನಾಡಿದ್ದು ಮೊಂತಿ ಫೆಸ್ತ್.
ಶೇಂದಿ ಸಿಗದ ಊರಿನಲ್ಲಿ
ನನ್ನ ಸಾನ್ನಾ ಹಿಟ್ಟು ಉಬ್ಬುವುದು ಹೇಗೆ ಮಾರಾಯ?"

ಕೆಟ್ಟಿತೆಂದು ಬಕೆಟ್ಟಿನ ಹಿಂದೆ ಅಡಗಿಸಿದ್ದ
ಹನ್ನೆರಡನೆಯದನ್ನು ಹೊರತೆಗೆದು,
ತಳದ ಮಂಜು ಪೂರಾ ಏಳುವಂತೆ
ಮೆಲ್ಲಗೆ ಕುಲುಕುತ್ತ
ಮೆಟ್ಟಿಲಿಳಿದ.