ಸ್ಟಾಂಪಿನಷ್ಟು ತೂತು

ಸಲೋಮಿ ಅತ್ತೆ ತೀರಿದ ಮೇಲೆ
ಹಲ್ ಪಟ್ಟಣದ ಅವಳ ಅಡುಗೆಮನೆಯಲ್ಲಿ
ಬಿಸ್ಕತ್ತಿನ ಡಬ್ಬಿ ತೆಗೆದೆವು.
ಅರವತ್ತೆರಡು ನೀಲಿ ಕಾಗದ,
ಎಲ್ಲ ಬೆಟಗೇರಿಯವು, ಅಪ್ಪನ ಕೈಬರಹ.

"ನಿಮ್ಮ ಹಲ್ಲೂರಾಗ ಥಂಡಿ ಹೆಂಗೈತಿ?"
"ನೀ ಕೇಳಿದ್ದಿ, ಅವ್ವನ ಕಾಲು ವಾಸಿ ಐತಿ."
"ಇಲ್ಲ, ಮಗ್ಗ ಮಾರಿಲ್ಲ. ಯಾರು ಹೇಳಿದ್ರು ನಿನಗ?"

ಅತ್ತೆ ಬರೆದವು ಒಂದೂ ಉಳಿದಿಲ್ಲ,
ಒಲೆಗೋ ಗೆದ್ದಲಿಗೋ.
ಉತ್ತರ ಹಿಡಿದು ಪ್ರಶ್ನೆ ಹುಡುಕುತ್ತೇನೆ:
ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ
ಷೂ ಬಿಚ್ಚದೆ ಕೂತು
ಅವ್ವನ ಕಾಲು ಹೇಗಿದೆ ಎಂದು ಬರೆಯುತ್ತಿದ್ದವಳು.

ನಾನು ಓದುತ್ತೇನೆ, ಮಗಳು ರೂತ್ ಟೈಪಿಸುತ್ತಾಳೆ.
ಅರವತ್ತೇಳರ ಜುಲೈ ಬಂದಾಗ ನಿಂತೆವು.
ಪಕ್ಕದ ಮನೆಯ ಹುಡುಗ ಕೇಳಿದನೆಂದೋ ಏನೋ,
ಸ್ಟಾಂಪು ಕತ್ತರಿಸಿದೆ.
ಅದರ ಬೆನ್ನಿಗಿದ್ದ ಮಾತೂ ಹೋಗಿದೆ.

"ಕೂಸು ಹುಟ್ಟಿತು. ನೀ ಹೇಳಿದಂಗ
ಹೆಸರು              ಅಂತ ಇಟ್ವಿ.
ಮೂರು ದಿನ ಇತ್ತು."

ನನಗಿಂತ ಮೊದಲೊಂದು ಇತ್ತೆಂದು
ಮನೆಯಲ್ಲಿ ಯಾರೂ ಅಂದಿರಲಿಲ್ಲ.

"ಎಷ್ಟಕ್ಷರ ಜಾಗ ಬಿಡಲಿ?" ಅಂದಳು ರೂತ್.
ತೂತಿನ ಮೇಲೆ ಹೆಬ್ಬೆರಳಿಟ್ಟು ನೋಡಿದೆ.
ನನಗೆ ಹೆಸರಿಟ್ಟವಳೂ ಅತ್ತೆಯೇ.
ಮಾರ್ಥಾ.
ಅಪ್ಪನ ಗುಂಡು ಅಕ್ಷರದಲ್ಲಿ
ಅಲ್ಲಿ ಸರಿಯಾಗಿ ಹಿಡಿಸುತ್ತದೆ.